ಅಂಜುದೀವ್‌ನಿಂದ ಲುವಾಂಡಾವರೆಗೆ: ಪೋರ್ಚುಗೀಸ್ ಸಾಮ್ರಾಜ್ಯ ಕೊನೆಗೊಂಡ ಬಗೆ



ತಂದೆಯವರ ನೆನಪಿಗೆ ಈ ಉಪನ್ಯಾಸದ ದತ್ತಿಯನ್ನಿಟ್ಟ ಕುಟುಂಬದವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟುಕೊಟ್ಟರು. ಅವರಿಗೆ ನಾನು ಋಣಿ. ಕಾರವಾರದಲ್ಲಿ ಮಾತನಾಡಬೇಕೆಂದು ಗೊತ್ತಾದ ಮೇಲೆ ನಾನು ಬೇರೆ ವಿಷಯ ಹುಡುಕಲು ಹೋಗಲಿಲ್ಲ. ಅಬ್ಬಕ್ಕನ ಕಾಲದಿಂದಲೂ ಈ ಕರಾವಳಿಗೆ ಪರಂಗಿಯವರ ಗುರುತಿದೆ. ಅವರ ಸಾಮ್ರಾಜ್ಯದ ಕೊನೆಯ ಅಧ್ಯಾಯದ ಮೊದಲ ಪುಟಗಳು ನಿಮ್ಮ ಬಿಣಗಾದ ಎದುರಿಗಿರುವ ನೀರಿನಲ್ಲೇ ಬರೆಯಲ್ಪಟ್ಟವು.

ಅಲ್ಲಿನ ಅಂಜುದೀವ್ ನಡುಗಡ್ಡೆಯಲ್ಲಿ ಪೋರ್ಚುಗೀಸರು 1505ರಲ್ಲೇ ಕೋಟೆ ಕಟ್ಟಲು ಕೈಹಾಕಿದ್ದರು. 1961ರ ನವೆಂಬರ್‌ನಲ್ಲಿ ಅಲ್ಲಿನ ಕಾವಲು ಪಡೆ ಸಮೀಪದಲ್ಲಿ ಹಾದುಹೋಗುತ್ತಿದ್ದ ‘ಸಾಬರಮತಿ’ ಹಡಗಿನ ಮೇಲೆ ಗುಂಡು ಹಾರಿಸಿತು. ಕೆಲವೇ ದಿನಗಳಲ್ಲಿ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿತು. ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ‘ತ್ರಿಶೂಲ್’ ಮತ್ತು ‘ಮೈಸೂರು’ ಯುದ್ಧನೌಕೆಗಳು ಆ ದ್ವೀಪಕ್ಕೆ ಬಂದವು. ದಡಕ್ಕಿಳಿದ ನಮ್ಮ ನೌಕಾದಳದ ಏಳು ಮಂದಿ ಅಲ್ಲಿ ಪ್ರಾಣ ಕೊಟ್ಟರು. ಬೆಳಗಾವಿಯಲ್ಲಿ ಜಮಾಯಿಸಿದ್ದ ಭೂಸೇನೆ ಅಷ್ಟರಲ್ಲಿ ಗೋವೆಯೊಳಗೆ ನುಗ್ಗಿತ್ತು. ಕೊನೆಯ ಸೈನಿಕನವರೆಗೂ ಹೋರಾಡಿ ಸಾಯಬೇಕೆಂದು ಲಿಸ್ಬನ್ನಿನಿಂದ ಸರ್ವಾಧಿಕಾರಿ ಸಲಜಾರ್ ಆಜ್ಞೆ ಮಾಡಿದ್ದ. ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಆ ಆಜ್ಞೆಯನ್ನು ಬದಿಗಿಟ್ಟು 19ರಂದು ಶರಣಾದ. ಎಷ್ಟೋ ಜೀವ ಉಳಿಸಿದ ಆ ತೀರ್ಮಾನಕ್ಕೆ ಅವನಿಗೆ ಸಿಕ್ಕ ಬಹುಮಾನ ಸೈನ್ಯದಿಂದ ಉಚ್ಚಾಟನೆ.

ಅದೇ ಹೊತ್ತಿಗೆ ನ್ಯೂಯಾರ್ಕಿನ ಭದ್ರತಾ ಮಂಡಳಿಯಲ್ಲಿ ಇನ್ನೊಂದು ಕಾಳಗ ನಡೆದಿತ್ತು. ಭಾರತ ಕದನ ನಿಲ್ಲಿಸಿ ಸೇನೆಯನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂದು ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ತುರ್ಕಿ ಗೊತ್ತುವಳಿ ತಂದವು. ಪರವಾಗಿ 7 ಮತ, ವಿರುದ್ಧವಾಗಿ 4. ವಿರುದ್ಧ ಮತಗಳಲ್ಲಿ ಒಂದು ಸೋವಿಯತ್ ಒಕ್ಕೂಟದ ವಿಟೊ ಆಗಿದ್ದರಿಂದ ಗೊತ್ತುವಳಿ ಬಿದ್ದುಹೋಯಿತು. ನಮ್ಮಲ್ಲಿ ಆ ವಿಟೊವನ್ನು ಬಹಳ ಮಂದಿ ನೆನೆಯುತ್ತಾರೆ. ಅದರ ಜೊತೆ ‘ಇಲ್ಲ’ ಎಂದ ಸಿಲೋನ್, ಲೈಬೀರಿಯ ಮತ್ತು ಈಜಿಪ್ಟ್‌ಗಳನ್ನು ನೆನೆಯುವವರು ಕಡಿಮೆ. ಆ ಮೂರೂ ವಸಾಹತುಶಾಹಿಯ ಬಿಸಿಯನ್ನು ಹತ್ತಿರದಿಂದ ಕಂಡ ದೇಶಗಳು. ನನಗೆ ಹೆಚ್ಚು ಬೆಲೆಯುಳ್ಳವಾಗಿ ಕಾಣುವುದು ಅವುಗಳ ಮತಗಳೇ.

ವಸಾಹತುಗಳ ಬಿಡುಗಡೆಯ ಕತೆಯನ್ನು ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ವಾಷಿಂಗ್ಟನ್ನಿನಿಂದಲೋ ಮಾಸ್ಕೋದಿಂದಲೋ ಶುರು ಮಾಡುತ್ತೇವೆ. ದೊಡ್ಡವರು ಕಾಯಿ ನಡೆಸಿದರು, ಚಿಕ್ಕವರು ಸ್ವತಂತ್ರರಾದರು ಎಂಬಂತೆ. ಪೋರ್ಚುಗೀಸ್ ಸಾಮ್ರಾಜ್ಯದ ವಿಷಯದಲ್ಲಿ ಹೀಗೆ ಹೇಳುವುದು ತಪ್ಪು. ಅದನ್ನು ಕೆಡವಿದವರು ಆಫ್ರಿಕದ ಹತ್ತಿ ಬೆಳೆಗಾರರು, ಭತ್ತದ ರೈತರು, ಬಂದರಿನ ಕೂಲಿಗಳು. ತಮ್ಮನ್ನು ಆಳಿದ ದೇಶಕ್ಕೂ ಪ್ರಜಾಪ್ರಭುತ್ವದ ಬಾಗಿಲು ತೆರೆದವರು ಅವರೇ. ಬಲಾಢ್ಯ ರಾಷ್ಟ್ರಗಳ ಪೈಪೋಟಿ ಮೊದಲು ಆ ಸಾಮ್ರಾಜ್ಯದ ಆಯುಷ್ಯವನ್ನು ಹತ್ತಾರು ವರ್ಷ ಬೆಳೆಸಿತು. ಅದು ಬಿದ್ದ ಮೇಲೆ ಬಿಡುಗಡೆಯಾದವರ ಮನೆಗೆ ಬೆಂಕಿಯಿಟ್ಟಿತು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಪೋರ್ಚುಗಲ್ ಪಶ್ಚಿಮ ಯೂರೋಪಿನ ತೀರ ಬಡ ದೇಶಗಳಲ್ಲೊಂದು. 1960ರಲ್ಲಿ ಅಲ್ಲಿನ ಜನಸಂಖ್ಯೆ ಒಂದು ಕೋಟಿಯೂ ಇರಲಿಲ್ಲ. ಅಂಗೋಲ ಮತ್ತು ಮೊಜಾಂಬಿಕ್ ಎರಡೇ ಸೇರಿದರೆ ಆ ದೇಶದ 20 ಪಟ್ಟಿಗೂ ಹೆಚ್ಚು ವಿಸ್ತಾರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೆಂಬ ಆಳ್ವಿಕೆ ಅದು. ಸಲಜಾರ್ 1951ರಲ್ಲಿ ಒಂದು ಕಾನೂನು ಮಾಡಿ ವಸಾಹತುಗಳಿಗೆಲ್ಲ ‘ಸಾಗರೋತ್ತರ ಪ್ರಾಂತ್ಯ’ಗಳೆಂದು ಹೆಸರಿಟ್ಟ. ನಮ್ಮಲ್ಲಿ ವಸಾಹತುಗಳೇ ಇಲ್ಲ, ಗೋವೆಯೂ ಅಂಗೋಲದ ರಾಜಧಾನಿ ಲುವಾಂಡಾವೂ ಪೋರ್ಚುಗಲ್ಲೇ ಎಂದು ವಿಶ್ವಸಂಸ್ಥೆಯಲ್ಲಿ ವಾದಿಸಲು ಇದರಿಂದ ಅನುಕೂಲವಾಯಿತು. 1949ರಲ್ಲಿ ನ್ಯಾಟೊ ಹುಟ್ಟಿದಾಗ ಈ ಸರ್ವಾಧಿಕಾರಿಯ ದೇಶವೂ ಸ್ಥಾಪಕ ಸದಸ್ಯನಾಯಿತು. ಸ್ವಾತಂತ್ರ್ಯವನ್ನು ಕಾಯಲೆಂದೇ ಕಟ್ಟಿದ ಕೂಟದಲ್ಲಿ ಅವನಿಗೆ ಕುರ್ಚಿ ಸಿಕ್ಕಿದ್ದು ಭೂಗೋಳದ ದೆಸೆಯಿಂದ. ಅಟ್ಲಾಂಟಿಕ್ ನಡುವೆ ಅಜೋರ್ಸ್ ದ್ವೀಪಗಳಿವೆ, ಅಲ್ಲಿ ಲಾಜೆಸ್ ಎಂಬ ವಿಮಾನ ನೆಲೆಯಿದೆ, ಅದು ಅಮೆರಿಕಕ್ಕೆ ಬೇಕಿತ್ತು.

ಆ ‘ಪ್ರಾಂತ್ಯ’ಗಳಲ್ಲಿ ಬದುಕು ಹೇಗಿತ್ತು? ಅಂಗೋಲದ ಬೈಶಾ ದ ಕಸಾಂಜೆ ಎಂಬ ಬಯಲಿನಲ್ಲಿ ರೈತ ಹತ್ತಿಯನ್ನೇ ಬೆಳೆಯಬೇಕು, ಗೊತ್ತುಮಾಡಿದ ಕಂಪನಿಗೇ ಮಾರಬೇಕು, ಅದು ಕೊಟ್ಟಷ್ಟು ಬೆಲೆ ತೆಗೆದುಕೊಳ್ಳಬೇಕು. ಹತ್ತಿ ನೆಲವನ್ನೆಲ್ಲ ನುಂಗಿದ ಮೇಲೆ ಊಟದ ಬೆಳೆಗೆ ಜಾಗವಿಲ್ಲ. ತೆರಿಗೆ ಕಟ್ಟದವನನ್ನು ರಸ್ತೆಗೋ ತೋಟಕ್ಕೋ ಬಿಟ್ಟಿ ದುಡಿಮೆಗೆ ಎಳೆದೊಯ್ಯುತ್ತಿದ್ದರು. ಪೋರ್ಚುಗೀಸ್ ಭಾಷೆ, ಉಡುಗೆ, ಸಂಪಾದನೆಗಳ ಪರೀಕ್ಷೆ ದಾಟಿ ‘ನಾಗರಿಕ’ರೆಂದು ಮನ್ನಣೆ ಪಡೆದ ಕರಿಯರು 1950ರಲ್ಲಿ ಅಂಗೋಲದ ಜನಸಂಖ್ಯೆಯಲ್ಲಿ ಶೇಕಡಾ 1ರಷ್ಟೂ ಇರಲಿಲ್ಲ. 1961ರ ಜನವರಿಯಲ್ಲಿ ಕಸಾಂಜೆಯ ರೈತರು ಹತ್ತಿ ಬೀಜವನ್ನು ಸುಟ್ಟು ಬಿತ್ತನೆಗೆ ಇಳಿಯುವುದಿಲ್ಲವೆಂದರು. ವಿಮಾನಗಳಿಂದ ಅವರ ಹಳ್ಳಿಗಳ ಮೇಲೆ ಬಾಂಬು ಬಿತ್ತು. ಫೆಬ್ರವರಿ 4ರಂದು ಲುವಾಂಡಾದ ಸೆರೆಮನೆಯ ಮೇಲೆ ದಾಳಿಯಾಯಿತು, ಮಾರ್ಚ್ 15ರಂದು ಉತ್ತರದ ಕಾಫಿ ತೋಟಗಳಲ್ಲಿ ದಂಗೆ ಎದ್ದಿತು. ಆ ದಂಗೆಯಲ್ಲಿ ಬಿಳಿಯ ವಲಸೆಗಾರರ ಹೆಂಗಸರು ಮಕ್ಕಳನ್ನೂ ಕೊಂದರು. ಅದಕ್ಕೆ ಪ್ರತಿಯಾಗಿ ಪೋರ್ಚುಗೀಸರು ಕೊಂದ ಆಫ್ರಿಕನ್ನರ ಸಂಖ್ಯೆ ಅದರ ಎಷ್ಟೋ ಪಟ್ಟು. ಇವೆರಡನ್ನೂ ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಆ ಮಾರ್ಚ್‌ನಲ್ಲಿ ಅಧ್ಯಕ್ಷ ಕೆನಡಿಯ ಹೊಸ ಸರ್ಕಾರ ಎಲ್ಲರೂ ಬೆರಗಾಗುವ ಕೆಲಸ ಮಾಡಿತು. ಅಂಗೋಲದ ಪ್ರಶ್ನೆಯಲ್ಲಿ ಸೋವಿಯತ್ ಒಕ್ಕೂಟದ ಜೊತೆ ಸೇರಿ ಪೋರ್ಚುಗಲ್ ವಿರುದ್ಧ ಮತ ಹಾಕಿತು. ಆ ಧೋರಣೆ ಬಹಳ ಕಾಲ ಬಾಳಲಿಲ್ಲ. ಲಾಜೆಸ್ ನೆಲೆಯ ಒಪ್ಪಂದ 1962ರ ಕೊನೆಗೆ ಮುಗಿಯುವುದಿತ್ತು. ಬರ್ಲಿನ್, ಕ್ಯೂಬಾ ಬಿಕ್ಕಟ್ಟುಗಳ ನಡುವೆ ಆ ನೆಲೆಯನ್ನು ಕಳೆದುಕೊಳ್ಳಲು ಅಮೆರಿಕದ ಸೇನಾಧಿಕಾರಿಗಳು ತಯಾರಿರಲಿಲ್ಲ. ಸಲಜಾರ್ ಹೊಸ ಒಪ್ಪಂದಕ್ಕೆ ಸಹಿ ಹಾಕದೆ ನೆಲೆಯನ್ನು ಬಳಸಲು ಮಾತ್ರ ಬಿಟ್ಟು ಹಗ್ಗವನ್ನು ತನ್ನ ಕೈಯಲ್ಲೇ ಇಟ್ಟುಕೊಂಡ. ವಾಷಿಂಗ್ಟನ್ನಿನ ದನಿ ಮೆತ್ತಗಾಯಿತು. ಪಶ್ಚಿಮ ಜರ್ಮನಿ ಕೊಟ್ಟ ಫಿಯಟ್ ಯುದ್ಧವಿಮಾನಗಳಿಗೆ ಪೋರ್ಚುಗಲ್ ನೆಲದಲ್ಲಷ್ಟೇ ಬಳಸಬೇಕೆಂಬ ಷರತ್ತಿತ್ತು. ಗಿನಿಯೂ ಪೋರ್ಚುಗಲ್ಲೇ ಎಂದು ಹೇಳಿ ಅವನ್ನು ಅಲ್ಲಿಗೆ ಹಾರಿಸಿದರು. 1951ರ ಆ ನಾಮಕರಣದ ಹಿಂದಿನ ಲೆಕ್ಕಾಚಾರ ಬಾಂಬು ಬಿದ್ದ ಹಳ್ಳಿಗರಿಗೆ ಚೆನ್ನಾಗಿ ಅರ್ಥವಾಗಿರಬೇಕು.

ಈಗ ಆ ಗಿನಿಗೆ, ಅಂದರೆ ಇಂದಿನ ಗಿನಿ-ಬಿಸ್ಸಾವುಗೆ ಬರೋಣ. ನಮ್ಮ ರಾಜ್ಯದ ಐದನೆಯ ಒಂದು ಭಾಗದಷ್ಟು ವಿಸ್ತಾರದ ಈ ಪುಟ್ಟ ನಾಡಿನ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತನಾಡುತ್ತೇನೆ, ಏಕೆಂದರೆ ಸಾಮ್ರಾಜ್ಯದ ಬೆನ್ನು ಮುರಿದದ್ದು ಅಲ್ಲಿ. ಅಮಿಲ್ಕರ್ ಕಬ್ರಾಲ್ 1924ರಲ್ಲಿ ಅಲ್ಲಿನ ಬಫಾತಾದಲ್ಲಿ ಹುಟ್ಟಿ, ಲಿಸ್ಬನ್ನಿನಲ್ಲಿ ಕೃಷಿ ವಿಜ್ಞಾನ ಓದಿ, 1952ರಲ್ಲಿ ಸರ್ಕಾರಿ ಕೃಷಿ ಅಧಿಕಾರಿಯಾಗಿ ಊರಿಗೆ ಮರಳಿದರು. 1953ರ ಕೃಷಿ ಗಣತಿಯ ಹೊಣೆ ಅವರದಾಯಿತು. ಯಾವ ಹಳ್ಳಿಯಲ್ಲಿ ಯಾರ ಬಳಿ ಎಷ್ಟು ನೆಲವಿದೆ, ಏನು ಬಿತ್ತುತ್ತಾರೆ, ಕಡಲೆಕಾಯಿ ಬೆಳೆಯೆಂಬ ಒತ್ತಾಯದಿಂದ ಮಣ್ಣು ಎಲ್ಲಿ ಸೊರಗಿದೆ ಎಂಬುದನ್ನು ಅವರು ನಾಡೆಲ್ಲ ಸುತ್ತಿ ಬರೆದುಕೊಂಡರು. ಬಲಾಂಟಾ ಜನರ ಭತ್ತದ ಗದ್ದೆಗಳನ್ನು ಅಘನಾಶಿನಿ ದಡದ ಕೇಳುಗರಿಗೆ ವಿವರಿಸುವುದು ಸುಲಭ: ನಿಮ್ಮ ಗಜನಿ ಗದ್ದೆಗಳ ಹಾಗೆಯೇ ಅವು, ಭರತದ ಉಪ್ಪುನೀರಿಗೆ ಮಣ್ಣಿನ ಕಟ್ಟೆ ಹಾಕಿ, ಮಳೆನೀರಿನಲ್ಲಿ ಉಪ್ಪು ತೊಳೆದು ಬೆಳೆಯುವ ಭತ್ತ. ಕಟ್ಟೆಯನ್ನು ಒಬ್ಬನೇ ಕಾಯಲಾರ, ಊರೆಲ್ಲ ಕೈಹಾಕಬೇಕು. ತಮ್ಮಲ್ಲಿ ಅರಸನೇ ಇಲ್ಲದೆ ಊರಿನ ಹಿರಿಯರ ಮಾತಿನಲ್ಲಿ ನಡೆಯುವ ಈ ಜನ ಮುಂದೆ ಹೋರಾಟದ ಬೆನ್ನೆಲುಬಾದರು. ಸರ್ಕಾರ ತನ್ನ ಖರ್ಚಿನಲ್ಲಿ ಮಾಡಿಸಿದ ಗಣತಿಯಿಂದಲೇ ಕಬ್ರಾಲ್ ತಮ್ಮ ನಾಡನ್ನು ಓದಿಕೊಂಡರು.

1956ರಲ್ಲಿ ಅವರು ಮತ್ತು ಕೆಲವು ಗೆಳೆಯರು ಗುಟ್ಟಾಗಿ ಪಿಎಐಜಿಸಿ ಎಂಬ ಪಕ್ಷ ಕಟ್ಟಿದರು. 1959ರ ಆಗಸ್ಟ್ 3ರಂದು ಬಿಸ್ಸಾವಿನ ಪಿಜಿಗಿಟಿ ಹಡಗುಕಟ್ಟೆಯಲ್ಲಿ ಕೂಲಿ ಹೆಚ್ಚಿಸಿರೆಂದು ಮುಷ್ಕರ ಹೂಡಿದ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿ ಸುಮಾರು 50 ಮಂದಿಯನ್ನು ಕೊಂದರು. ಪಟ್ಟಣದ ಮುಷ್ಕರಗಳಿಂದ ಮಾತ್ರ ಕೆಲಸವಾಗದು ಎಂದು ಪಕ್ಷ ಹಳ್ಳಿಗಳಿಗೆ ಹೋಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಬರೀ ಮಾತುಕತೆ, ತರಬೇತಿ. ಮೊದಲ ದೊಡ್ಡ ದಾಳಿ 1963ರ ಜನವರಿಯಲ್ಲಿ. ಬಿಡುಗಡೆಯಾದ ಪ್ರದೇಶಗಳಲ್ಲಿ ಶಾಲೆ ತೆರೆದರು, ‘ಜನರ ಅಂಗಡಿ’ಗಳಲ್ಲಿ ಭತ್ತ ತೆಗೆದುಕೊಂಡು ಬಟ್ಟೆ, ಉಪ್ಪು, ಸೋಪು ಕೊಟ್ಟರು. ಐದು ಜನರ ಹಳ್ಳಿ ಸಮಿತಿಯಲ್ಲಿ ಕಡೆಪಕ್ಷ ಇಬ್ಬರು ಹೆಂಗಸರಿರಬೇಕೆಂಬ ಕಟ್ಟಳೆಯಿತ್ತು. ನಮ್ಮ ವೈರಿ ಪೋರ್ಚುಗೀಸ್ ವಸಾಹತುಶಾಹಿ, ಪೋರ್ಚುಗೀಸ್ ಜನರಲ್ಲ ಎಂದು ಕಬ್ರಾಲ್ ಪದೇ ಪದೇ ಹೇಳುತ್ತಿದ್ದರು. ಸೆರೆಸಿಕ್ಕ ಪೋರ್ಚುಗೀಸ್ ಸೈನಿಕರನ್ನು ಸೆನೆಗಲ್ಲಿನ ರೆಡ್‌ಕ್ರಾಸ್ ಮೂಲಕ ಬಿಟ್ಟು ಕಳಿಸಿದ್ದೂ ಉಂಟು. ಆ ಮಾತನ್ನು ಕೇಳಿಸಿಕೊಂಡವರು ಎದುರು ಪಾಳಯದಲ್ಲೂ ಇದ್ದರೆಂಬುದು ಮುಂದೆ ತಿಳಿಯಿತು.

ಬಂದೂಕುಗಳು ಎಲ್ಲಿಂದ ಬಂದವು ಎಂದು ನೀವು ಕೇಳಬಹುದು. ಹೆಚ್ಚಿನವು ಸೋವಿಯತ್ ಒಕ್ಕೂಟದಿಂದ ಮತ್ತು ಅದರ ಮಿತ್ರದೇಶಗಳಿಂದ. ಅವಿಲ್ಲದೆ ಯುದ್ಧ ಗೆಲ್ಲಲಾಗುತ್ತಿತ್ತೆಂದು ನಾನು ಹೇಳುವುದಿಲ್ಲ. 1973ರಲ್ಲಿ ಭುಜದ ಮೇಲಿಟ್ಟು ಹಾರಿಸುವ ಸ್ಟ್ರೆಲಾ ಕ್ಷಿಪಣಿಗಳು ಬಂದು, ಆಕಾಶದ ಮೇಲೆ ಪೋರ್ಚುಗೀಸರಿಗಿದ್ದ ಹಿಡಿತ ಸಡಿಲಿತು. ಗಿಲೆಜೆ ಠಾಣ್ಯವನ್ನು ಅವರು ಆ ಮೇ ತಿಂಗಳಲ್ಲಿ ಬಿಟ್ಟು ಓಡಬೇಕಾಯಿತು. ಆದರೆ ಕ್ಯೂಬಾ ವೈದ್ಯರನ್ನೂ ಬೋಧಕರನ್ನೂ ಕಳಿಸಿತು, ನ್ಯಾಟೊ ಹೊರಗಿದ್ದ ಸ್ವೀಡನ್ 1969ರಿಂದ ಆಹಾರ, ಔಷಧಿ, ಶಾಲಾ ಸಾಮಗ್ರಿ ಕೊಟ್ಟಿತು. ಎಲ್ಲರಿಂದಲೂ ಪಡೆದು ಯಾರ ಕೈಗೂ ಚುಕ್ಕಾಣಿ ಕೊಡದ ಜಾಣ್ಮೆ ಕಬ್ರಾಲರದು. 1973ರ ಜನವರಿ 20ರಂದು ನೆರೆದೇಶದ ಕೊನಾಕ್ರಿಯಲ್ಲಿ ಅವರದೇ ಪಕ್ಷದ ಕೆಲವರು ಅವರನ್ನು ಕೊಂದರು. ಪಕ್ಷ ಚದುರಲಿಲ್ಲ. ಎಂಟು ತಿಂಗಳಾದ ಮೇಲೆ, ಸೆಪ್ಟೆಂಬರ್ 24ರಂದು, ಮದೀನಾ ದೊ ಬೊಯೆಯಲ್ಲಿ ಅದು ಸ್ವಾತಂತ್ರ್ಯವನ್ನು ಸಾರಿತು. ಲಿಸ್ಬನ್ ಒಪ್ಪುವ ಮೊದಲೇ ಬಹುಪಾಲು ದೇಶಗಳು ಒಪ್ಪಿಕೊಂಡವು.

ಅಷ್ಟರಲ್ಲಿ ಪೋರ್ಚುಗಲ್ ಸೋತುಹೋಗಿತ್ತು. ಅಂಗೋಲ, ಗಿನಿ, ಮೊಜಾಂಬಿಕ್ ಎಂಬ ಮೂರು ರಣರಂಗಗಳಲ್ಲಿ ಸುಮಾರು ಒಂದೂವರೆ ಲಕ್ಷ ಸೈನಿಕರು, ಸರ್ಕಾರದ ಖರ್ಚಿನಲ್ಲಿ ಸುಮಾರು ಶೇಕಡಾ 40 ಯುದ್ಧಕ್ಕೆ, 8,000ಕ್ಕೂ ಮಿಕ್ಕಿ ಸೈನಿಕರ ಸಾವು. ಕಡ್ಡಾಯ ಸೈನ್ಯಸೇವೆ ತಪ್ಪಿಸಿಕೊಳ್ಳಲು ಹುಡುಗರು ರಾತ್ರೋರಾತ್ರಿ ಗಡಿ ದಾಟಿ ಫ್ರಾನ್ಸಿಗೆ ಹೋಗುತ್ತಿದ್ದರು. 1973ರ ಜುಲೈಯಲ್ಲಿ ಸರ್ಕಾರ ಹೊರಡಿಸಿದ ಒಂದು ಆದೇಶ ಅಲ್ಪಾವಧಿ ತರಬೇತಿ ಪಡೆದವರಿಗೆ ಸೇವಾ ಹಿರಿತನ ಕೊಟ್ಟಿತು. ವೃತ್ತಿಪರ ಕಪ್ತಾನರು ಕೆರಳಿದರು. ಸೆಪ್ಟೆಂಬರ್‌ನಲ್ಲಿ ಇವೊರಾ ಸಮೀಪದ ತೋಟವೊಂದರಲ್ಲಿ ಅವರು ಸಭೆ ಸೇರಿದ್ದು ಬಡ್ತಿಯ ದೂರಿಗಾಗಿ. ಆದರೆ ಗಿನಿಯಲ್ಲಿ ಸೇವೆ ಮಾಡಿ ಬಂದ, ವಶಕ್ಕೆ ಸಿಕ್ಕ ಕಾಗದಪತ್ರಗಳಲ್ಲಿ ಕಬ್ರಾಲರ ಬರಹಗಳನ್ನು ಓದಿದ ಅಧಿಕಾರಿಗಳು ಅವರ ನಡುವೆ ಇದ್ದರು. ಗೆಲ್ಲಲಾಗದ, ಗೆಲ್ಲಬಾರದ ಯುದ್ಧವಿದು ಎಂಬ ಮಾತು ಬಡ್ತಿಯ ಮಾತನ್ನು ಕೆಲವೇ ತಿಂಗಳಲ್ಲಿ ಹಿಂದೆ ಹಾಕಿತು.

1974ರ ಏಪ್ರಿಲ್ 25. ಮಧ್ಯರಾತ್ರಿ ಕಳೆದು 20 ನಿಮಿಷಕ್ಕೆ ರೇಡಿಯೊ ರೆನಸೆನ್ಸಾದಲ್ಲಿ ಜೋಸೆ ಅಫೊನ್ಸೊ ಹಾಡಿದ ‘ಗ್ರಾಂಡೊಲಾ’ ಕೇಳಿಬಂತು. ಅದೇ ಸಂಕೇತ. ಸಾಂತರೆಂ ಊರಿನ ಅಶ್ವದಳದ ಶಾಲೆಯಲ್ಲಿ ಕಪ್ತಾನ ಸಾಲ್ಗೇರೊ ಮಾಯಾ ತನ್ನ ಹುಡುಗರನ್ನು ಎಬ್ಬಿಸಿ, ಬರಲು ಮನಸ್ಸಿದ್ದವರು ಬನ್ನಿ ಎಂದ. ಅವನಿಗೆ ಆಗ 29 ವರ್ಷ. ಮೊಜಾಂಬಿಕ್, ಗಿನಿ ಎರಡನ್ನೂ ಕಂಡವನು. ಬೆಳಗಾಗುವಾಗ ಅವನ ದಳ ಲಿಸ್ಬನ್ನಿನ ನದಿದಡದ ಚೌಕದಲ್ಲಿತ್ತು. ಸರ್ಕಾರದ ಪರವಾಗಿ ಟ್ಯಾಂಕುಗಳು ಎದುರಾದವು. ಮಾಯಾ ಕೈಯಲ್ಲಿ ಬಿಳಿ ಕರವಸ್ತ್ರ ಹಿಡಿದು ಅವುಗಳತ್ತ ನಡೆದ. ಗುಂಡು ಹಾರಿಸಿರೆಂದು ಬ್ರಿಗೇಡಿಯರ್ ಕೂಗಿದ. ಒಬ್ಬ ಕಿರಿಯ ಅಧಿಕಾರಿ ಆಗುವುದಿಲ್ಲವೆಂದ. ಟ್ಯಾಂಕಿನೊಳಗಿದ್ದ ಕಾರ್ಪೊರಲ್ ಮುಚ್ಚಳ ಹಾಕಿಕೊಂಡು ಕುಳಿತುಬಿಟ್ಟ, ಗುಂಡು ಹಾರಲಿಲ್ಲ. ಐದು ಶತಮಾನಗಳ ಸಾಮ್ರಾಜ್ಯ ಆ ಎರಡು ನಿರಾಕರಣೆಗಳಲ್ಲಿ ಮುಗಿಯಿತೆಂದು ನನಗೆ ಅನ್ನಿಸುತ್ತದೆ. ಸಂಜೆಗೆ ಕಾರ್ಮೊ ಠಾಣ್ಯದೊಳಗೆ ಅಡಗಿದ್ದ, ಸಲಜಾರ್‌ನ ನಂತರ ಬಂದ ಪ್ರಧಾನಿ ಕಾಯೆತಾನೊ ಜನರಲ್ ಸ್ಪಿನೊಲಾನಿಗೆ ಅಧಿಕಾರ ಒಪ್ಪಿಸಿದ. ಬೀದಿಯಲ್ಲಿ ಹೆಂಗಸರು ಸೈನಿಕರ ಕೋವಿಯ ತುದಿಗೆ ಕಾರ್ನೇಶನ್ ಹೂ ಸಿಕ್ಕಿಸಿದರು. ಅಂದು ಗುಪ್ತ ಪೊಲೀಸರು ತಮ್ಮ ಕಚೇರಿಯಿಂದ ಹಾರಿಸಿದ ಗುಂಡಿಗೆ ನಾಲ್ವರು ಬಲಿಯಾದರು.

ಸ್ಪಿನೊಲಾನಿಗೆ ವಸಾಹತುಗಳನ್ನು ಒಂದು ಒಕ್ಕೂಟವಾಗಿ ಉಳಿಸಿಕೊಳ್ಳುವ ಆಸೆಯಿತ್ತು. ಕಪ್ತಾನರು ಒಪ್ಪಲಿಲ್ಲ. ಆಫ್ರಿಕದ ಕಾಡುಗಳಲ್ಲಿ ಸೈನಿಕರು ಆಜ್ಞೆಗೆ ಕಾಯದೆ ಎದುರಾಳಿಗಳ ಜೊತೆ ತಾವೇ ಕದನ ನಿಲ್ಲಿಸಿದರು. ಜುಲೈ 27ರ ಕಾನೂನು ಸ್ವಾತಂತ್ರ್ಯದ ಹಕ್ಕನ್ನು ಮಾನ್ಯ ಮಾಡಿತು. ನಮಗೆ ಸಂಬಂಧಿಸಿದ ಒಂದು ಬಾಕಿಯೂ ಆಗ ತೀರಿತು: 13 ವರ್ಷ ಗೋವೆಯನ್ನು ತನ್ನದೆಂದೇ ಹೇಳುತ್ತಿದ್ದ ಪೋರ್ಚುಗಲ್, 1974ರ ಡಿಸೆಂಬರ್ 31ರಂದು ದೆಹಲಿಯಲ್ಲಿ ಸಹಿಯಾದ ಒಪ್ಪಂದದಲ್ಲಿ ಭಾರತದ ಸಾರ್ವಭೌಮತ್ವವನ್ನು ಒಪ್ಪಿತು. ಗಿನಿಯ ಗದ್ದೆಗಳಲ್ಲಿ ಹೋರಾಡಿದವರ ಋಣ ನಮ್ಮ ನೆರೆಯ ಗೋವೆಯ ಮೇಲೂ ಇದೆ. ಆ ಋಣ ಒಂದೇ ದಿಕ್ಕಿನದಲ್ಲ. ಗೋವೆಯಲ್ಲಿ ಹುಟ್ಟಿದ ಅಕಿನೊ ದ ಬ್ರಗಾನ್ಸಾ, 1961ರಲ್ಲಿ ಕಾಸಾಬ್ಲಾಂಕಾದಲ್ಲಿ ಈ ಹೋರಾಟಗಳನ್ನೆಲ್ಲ ಒಂದೆಡೆ ತಂದ ಸಂಘಟನೆಯನ್ನು ಕಟ್ಟಿದವರಲ್ಲೊಬ್ಬರು. ಮುಂದೆ ಮೊಜಾಂಬಿಕ್‌ನಲ್ಲಿ ನೆಲೆಸಿ, 1986ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಸಮೋರಾ ಮಾಶೆಲ್ ಸತ್ತ ವಿಮಾನ ಅಪಘಾತದಲ್ಲಿ ಅವರೂ ತೀರಿಕೊಂಡರು.

ಲಿಸ್ಬನ್ನಿನ ಈ ಕ್ರಾಂತಿಯನ್ನು ಎರಡು ಬಲಾಢ್ಯ ರಾಷ್ಟ್ರಗಳೂ ನಿರೀಕ್ಷಿಸಿರಲಿಲ್ಲ. ಆಫ್ರಿಕದ ದಕ್ಷಿಣ ಭಾಗದಲ್ಲಿ ಬಿಳಿಯರ ಆಳ್ವಿಕೆ ಸದ್ಯಕ್ಕೆ ಅಲುಗಾಡದು ಎಂಬ ಎಣಿಕೆಯ ಮೇಲೆ ನಿಕ್ಸನ್ ಸರ್ಕಾರ 1970ರಿಂದ ನೀತಿ ರೂಪಿಸಿತ್ತು. ಮಾಸ್ಕೋ ಕೂಡ ಅಂಗೋಲದ ಎಂಪಿಎಲ್‌ಎ ಒಳಜಗಳದಿಂದ ಬೇಸತ್ತು 1974ರ ಆರಂಭದಲ್ಲಿ ನೆರವು ನಿಲ್ಲಿಸಿತ್ತು. ಹೂವಿನ ಕ್ರಾಂತಿಯಾದ ಮೇಲೆ ಇಬ್ಬರಿಗೂ ಅಂಗೋಲದ ಎಣ್ಣೆ, ವಜ್ರ, ಬಂದರುಗಳು ನೆನಪಾದವು. ಅಲ್ಲಿ ಮೂರು ಸಂಘಟನೆಗಳು. ವೈದ್ಯರೂ ಕವಿಯೂ ಆದ ಅಗಸ್ಟಿನೊ ನೆಟೊ ಅವರ ಎಂಪಿಎಲ್‌ಎ, ಹೋಲ್ಡನ್ ರಾಬರ್ಟೊನ ಎಫ್‌ಎನ್‌ಎಲ್‌ಎ, ಜೋನಾಸ್ ಸವಿಂಬಿಯ ಯುನಿಟಾ. 1975ರ ಜನವರಿ 15ರಂದು ಪೋರ್ಚುಗಲ್ಲಿನ ಆಲ್ವೊರ್‌ನಲ್ಲಿ ಮೂವರೂ ಕೂಡಿ ಆಳುವುದಾಗಿ ಸಹಿ ಹಾಕಿದರು. ಆ ತಿಂಗಳಲ್ಲೇ ಸಿಐಎ ರಾಬರ್ಟೊನಿಗೆ ಗುಟ್ಟಾಗಿ ಹಣ ಕೊಡಲು ಒಪ್ಪಿಗೆ ಪಡೆಯಿತು. ಅವನ ಪಡೆಗೆ ಚೀನಾದ ತರಬೇತುದಾರರು ಮೊದಲೇ ಬಂದಿದ್ದರು. ಸೋವಿಯತ್ ಶಸ್ತ್ರಗಳು ನೆಟೊ ಅವರ ಕಡೆಗೆ ಹರಿದವು. ಒಪ್ಪಂದದ ಶಾಯಿ ಆರುವುದಕ್ಕೂ ಯಾರೂ ಬಿಡಲಿಲ್ಲ.

ನವೆಂಬರ್ 11 ಸ್ವಾತಂತ್ರ್ಯದ ದಿನವೆಂದು ಗೊತ್ತಾಗಿತ್ತು. ಅದಕ್ಕೆ ನಾಲ್ಕು ವಾರ ಮೊದಲು ದಕ್ಷಿಣದಿಂದ ವರ್ಣಭೇದಿ ದಕ್ಷಿಣ ಆಫ್ರಿಕದ ಸೈನ್ಯ ಒಳನುಗ್ಗಿತು. ಉತ್ತರದಿಂದ ಜೈರ್ ದೇಶದ ತುಕಡಿಗಳೊಡನೆ ರಾಬರ್ಟೊ ಬಂದ. ನವೆಂಬರ್ 10ರಂದು ಲುವಾಂಡಾದ ಹತ್ತಿರವೇ ಕಿಫಾಂಗೊಂಡೊದಲ್ಲಿ ಫಿರಂಗಿಗಳು ಗುಡುಗುತ್ತಿದ್ದಾಗ, ಪೋರ್ಚುಗಲ್ಲಿನ ಹೈಕಮಿಷನರ್ ಅಧಿಕಾರವನ್ನು ‘ಅಂಗೋಲದ ಜನತೆಗೆ’ ಒಪ್ಪಿಸಿರುವುದಾಗಿ ಓದಿ, ಸಮಾರಂಭಕ್ಕೆ ಒಬ್ಬ ಅಂಗೋಲನ್ನನೂ ಇಲ್ಲದೆ ಧ್ವಜ ಇಳಿಸಿಕೊಂಡು ಹಡಗು ಹತ್ತಿದ. ಮಧ್ಯರಾತ್ರಿ ನೆಟೊ ಸ್ವಾತಂತ್ರ್ಯ ಘೋಷಿಸಿದರು.

ಕ್ಯೂಬಾದ ಸೈನಿಕರು ಮಾಸ್ಕೋದ ಆಜ್ಞೆಯಂತೆ ಬಂದರೆಂದು ಆಗ ಎಲ್ಲೆಡೆ ಬರೆದರು. ಆಮೇಲೆ ತೆರೆದ ದಾಖಲೆಗಳು ಬೇರೆಯೇ ಹೇಳುತ್ತವೆ. ನವೆಂಬರ್ ಮೊದಲ ವಾರದಲ್ಲಿ ಕ್ಯಾಸ್ಟ್ರೊ ತಾನೇ ತೀರ್ಮಾನ ಮಾಡಿ ಹಳೆಯ ಬ್ರಿಟಾನಿಯಾ ವಿಮಾನಗಳಲ್ಲಿ ದಳ ಕಳಿಸಿದ. ಸಾಗಿಸಲು ಸೋವಿಯತ್ ವಿಮಾನಗಳು ಬಂದದ್ದು 1976ರ ಜನವರಿಯಲ್ಲಿ. ಆ ವರ್ಷದ ವಸಂತದ ಹೊತ್ತಿಗೆ 36,000 ಕ್ಯೂಬನ್ನರು ಅಲ್ಲಿದ್ದರು, ದಕ್ಷಿಣ ಆಫ್ರಿಕ ಹಿಂದೆ ಸರಿಯಿತು. ಇದೇ ಕಾಲದ ಇನ್ನೊಂದು ಸಂಗತಿ: ಅಂಗೋಲದ ಕಬಿಂಡಾದಲ್ಲಿ ಎಣ್ಣೆ ತೆಗೆಯುತ್ತಿದ್ದ ಅಮೆರಿಕದ ಗಲ್ಫ್ ಕಂಪನಿ ರಾಜಧನ ಕಟ್ಟುತ್ತಿದ್ದುದು ಎಂಪಿಎಲ್‌ಎ ಸರ್ಕಾರಕ್ಕೆ, ಆ ಬಾವಿಗಳನ್ನು ಕಾಯುತ್ತಿದ್ದವರು ಕ್ಯೂಬಾದ ಸೈನಿಕರು. ಸಿದ್ಧಾಂತಗಳ ಹೋರಾಟವೆಂದು ಹೇಳಿಕೊಂಡ ಯುದ್ಧದಲ್ಲಿ ಎಣ್ಣೆಯ ವ್ಯಾಪಾರವೂ ನಡೆಯಿತು. ಸತ್ತವರು ಗದ್ದೆಯಲ್ಲಿದ್ದವರು.

ಎಲ್ಲವನ್ನೂ ಹೊರಗಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ. 1977ರ ಮೇ 27ರ ಬಂಡಾಯದ ನಂತರ ನೆಟೊ ಸರ್ಕಾರ ತನ್ನದೇ ಪಕ್ಷದ ಸಾವಿರಾರು ಜನರನ್ನು ಕೊಂದಿತು. ಏಕಪಕ್ಷದ ಆಡಳಿತ ಅಲ್ಲೂ ಮೊಜಾಂಬಿಕ್‌ನಲ್ಲೂ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಿತು. ಆದರೆ ಬಡ ದೇಶದ ಜಗಳವನ್ನು 27 ವರ್ಷ ಎಳೆಯಲು ಬೇಕಾದ ಮದ್ದುಗುಂಡು ಆ ನೆಲದಲ್ಲಿ ತಯಾರಾಗುವಂಥದ್ದಲ್ಲ. 1986ರಲ್ಲಿ ರೇಗನ್ ಸರ್ಕಾರ ಸವಿಂಬಿಗೆ ಸ್ಟಿಂಗರ್ ಕ್ಷಿಪಣಿ ಕೊಟ್ಟಿತು. ಮೊಜಾಂಬಿಕ್‌ನಲ್ಲಿ ರೊಡೇಶಿಯ ಹುಟ್ಟಿಸಿ ದಕ್ಷಿಣ ಆಫ್ರಿಕ ಸಾಕಿದ ರೆನಾಮೊ 1992ರವರೆಗೆ ಶಾಲೆ, ಆಸ್ಪತ್ರೆಗಳನ್ನು ಸುಟ್ಟಿತು. ಅಂಗೋಲದ ನೆಲದಲ್ಲಿ ಹೂತ ನೆಲಬಾಂಬುಗಳು ಇಂದಿಗೂ ಹೊಲಕ್ಕೆ ಹೋದವರ ಕಾಲು ಕೀಳುತ್ತಿವೆ. ಸವಿಂಬಿ ಸತ್ತ ಮೇಲೆ, 2002ರ ಏಪ್ರಿಲ್‌ನಲ್ಲಿ, ಅಲ್ಲಿ ಯುದ್ಧ ನಿಂತಿತು.

ಕೊನೆಯದಾಗಿ, ಪೋರ್ಚುಗೀಸರದೇ ವಸಾಹತಾಗಿದ್ದ ಪೂರ್ವ ತಿಮೋರ್. 1975ರ ನವೆಂಬರ್ 28ರಂದು ಅಲ್ಲಿನ ಫ್ರೆಟಿಲಿನ್ ಪಕ್ಷ ಸ್ವಾತಂತ್ರ್ಯ ಸಾರಿತು. ಡಿಸೆಂಬರ್ 6ರಂದು ಅಮೆರಿಕದ ಅಧ್ಯಕ್ಷ ಫೋರ್ಡ್ ಮತ್ತು ವಿದೇಶಾಂಗ ಸಚಿವ ಕಿಸಿಂಜರ್ ಜಕಾರ್ತದಲ್ಲಿ ಇಂಡೋನೇಶಿಯದ ಅಧ್ಯಕ್ಷ ಸುಹಾರ್ತೋರನ್ನು ಕಂಡರು. ಮರುದಿನ ಇಂಡೋನೇಶಿಯದ ಸೈನ್ಯ ತಿಮೋರ್‌ನ ರಾಜಧಾನಿ ದಿಲಿಯ ಮೇಲೆ ಇಳಿಯಿತು. ತಿಮೋರ್‌ನ ಪರವಾಗಿ ಶಸ್ತ್ರ ಕಳಿಸಲು ಮಾಸ್ಕೋವೂ ಬರಲಿಲ್ಲ, ಬೀಜಿಂಗೂ ಬರಲಿಲ್ಲ. ಹಸಿವಿನಿಂದಲೂ ಗುಂಡಿನಿಂದಲೂ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಉಳಿದವರು ಬೆಟ್ಟಗಳಲ್ಲಿ, ಚರ್ಚುಗಳಲ್ಲಿ, ದೇಶಾಂತರದಲ್ಲಿ ಹಿಡಿದ ಹಟ ಬಿಡಲಿಲ್ಲ. 1999ರ ಆಗಸ್ಟ್ 30ರಂದು ವಿಶ್ವಸಂಸ್ಥೆಯ ಮತಗಟ್ಟೆಗಳಿಗೆ ಬೆದರಿಕೆಯ ನಡುವೆಯೇ ನಡೆದು ಬಂದು ಶೇಕಡಾ 78ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯಕ್ಕೆ ಮತ ಹಾಕಿದರು. 2002ರ ಮೇ 20ರಂದು ಅವರ ದೇಶ ಸ್ವತಂತ್ರವಾಯಿತು.